ನಿಮಗಿದು ಗೊತ್ತೇ? ಅಜ್ಜಿ ‘ಹಾಲು’ ಅಂದರೆ ಮಾವಶಿಗೆ ‘ಹಳೂ’!

ಬೆಳಗಿನ ಎಂಟು ಗಂಟೆ. ಪುಣೆಯ ಕೋಥರೂಡದ ಸೊಸೈಟಿಗಳ ಗೇಟಿನಿಂದ ರಾತ್ರಿಪಾಳಿ ಮುಗಿಸಿದ ಹೆಂಗಸರು ಹೊರಗೆ ಬರುತ್ತಾರೆ, ಹಗಲುಪಾಳಿಯವರು ಊಟದ ಡಬ್ಬಿ ಹಿಡಿದು ಒಳಗೆ ಹೋಗುತ್ತಾರೆ. ವಯಸ್ಸಾದವರನ್ನು ನೋಡಿಕೊಳ್ಳಲು ‘ಬ್ಯೂರೋ’ ಎಂಬ ಏಜೆನ್ಸಿಗಳು ಕಳಿಸುವ ಇವರನ್ನು ಪುಣೆಯಲ್ಲಿ ಕರೆಯುವುದು ಮಾವಶಿ ಎಂದು, ಅಂದರೆ ಚಿಕ್ಕಮ್ಮ. ಧಾರವಾಡದಿಂದ, ವಿಜಯಪುರದಿಂದ, ಉಡುಪಿಯಿಂದ ಬಂದು ಇಲ್ಲಿ ಬೇರುಬಿಟ್ಟ ಕನ್ನಡದ ಮನೆಗಳಲ್ಲೂ ಈಗ ಅಜ್ಜ ಅಜ್ಜಿಯರ ಮಗ್ಗುಲಲ್ಲಿ ಕೂರುವವಳು ಈ ಮಾವಶಿಯೇ. ಸಿಸ್ಟರ್ ಇರಲಿ, ಸೊಸೆ ಇರಲಿ, ಮಗ ಇರಲಿ, ಮುಪ್ಪಿನ ಆರೈಕೆಗೆ ಕೂತವರಿಗೆ ಮೊದಲು ಬೇಕಾದ್ದು ಗಮನ. ಯಾಕೆಂದರೆ ಮುಪ್ಪಿನ ಮೈ ತನ್ನ ನೋವನ್ನು ನೆಟ್ಟಗೆ ಹೇಳುವುದಿಲ್ಲ. ಅದರ ಮಾತು ಕಲಿಯಲು ಇಲ್ಲಿವೆ ಕೆಲವು ಸಂಗತಿಗಳು.

ಊರಿನ ನೆನಪು

1. ಕೋಥರೂಡದ ನಡುವೆ ಹಾದುಹೋಗುವ ಕರ್ವೆ ರಸ್ತೆಗೆ ಹೆಸರು ಕೊಟ್ಟ ಮಹರ್ಷಿ ಧೋಂಡೊ ಕೇಶವ ಕರ್ವೆ ಬದುಕಿದ್ದು 104 ವರ್ಷ (1858–1962). ಭಾರತರತ್ನ ಬಂದದ್ದು ಅವರಿಗೆ ನೂರು ತುಂಬಿದ 1958ರಲ್ಲಿ. ಮುಪ್ಪಿನ ಮಾತಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇಕೇ?

2. ಅವರು 1896ರಲ್ಲಿ ವಿಧವೆಯರಿಗಾಗಿ ಶುರುಮಾಡಿದ ಆಶ್ರಮ ಮುಂದೆ ನೆಲೆನಿಂತದ್ದು ಕೋಥರೂಡದ ಪಕ್ಕದ ಹಿಂಗಣೆಯಲ್ಲಿ. ಈಗ ಅದು ಕರ್ವೆನಗರ. ಅದೇ ಸಂಸ್ಥೆ ಇಂದು ನರ್ಸಿಂಗ್ ಕಾಲೇಜನ್ನೂ ನಡೆಸುತ್ತದೆ.

3. ಕರ್ವೆಯವರು 1893ರಲ್ಲಿ ಮದುವೆಯಾದ ಗೋದೂಬಾಯಿ ಬಾಲವಿಧವೆ. ಆಕೆ ಓದಿದ್ದು ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ. ಆ ರಮಾಬಾಯಿ ಹುಟ್ಟಿದ್ದು ಎಲ್ಲಿ? ನಮ್ಮ ಕಾರ್ಕಳದ ಆಚೆಯ ಘಟ್ಟದ ಕಾಡಿನಲ್ಲಿ, 1858ರಲ್ಲಿ. ಹೆಂಗಸರಿಗೆ ಹೆಣ್ಣು ವೈದ್ಯರು ಬೇಕೆಂದು 1882ರಲ್ಲೇ ಹಂಟರ್ ಆಯೋಗದ ಮುಂದೆ ವಾದಿಸಿದವರು ಅವರು.

4. ಇನ್ನೊಬ್ಬ ರಮಾಬಾಯಿ, ನ್ಯಾಯಮೂರ್ತಿ ರಾನಡೆಯವರ ಪತ್ನಿ. 1909ರಲ್ಲಿ ಶುರುವಾದ ಅವರ ಪುಣೆ ಸೇವಾಸದನ ಹೆಣ್ಣುಮಕ್ಕಳಿಗೆ ನರ್ಸಿಂಗ್ ತರಬೇತಿ ಕೊಡಿಸಿತು. ಮರ್ಯಾದಸ್ಥರ ಮನೆಯ ಹೆಣ್ಣು ಪರರ ಮೈ ಮುಟ್ಟಿ ಶುಶ್ರೂಷೆ ಮಾಡುವುದೇ ಎಂದು ಜನ ಮೂಗು ಮುರಿಯುತ್ತಿದ್ದ ಕಾಲ ಅದು.

5. ಫ್ಲಾರೆನ್ಸ್ ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಸ್ಥೆಯೊಂದಿಗೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದರು. 90 ವರ್ಷ ಬದುಕಿದ ಆಕೆ ಕೊನೆಯ ವರ್ಷಗಳಲ್ಲಿ ಕಣ್ಣು ಕಳೆದುಕೊಂಡು ಬೇರೆಯವರ ಆರೈಕೆಯಲ್ಲೇ ಇದ್ದರು.

6. ಮುಪ್ಪಿನ ವೈದ್ಯಕ್ಕೆ ‘ಜೀರಿಯಾಟ್ರಿಕ್ಸ್’ ಎಂಬ ಹೆಸರು ಬಂದದ್ದು 1909ರಲ್ಲಿ. ಇಟ್ಟವರು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಶರ್. ಭಾರತದಲ್ಲಿ ಇದಕ್ಕೆ ದಾರಿ ಹಾಕಿದವರು ಚೆನ್ನೈನ ಡಾ. ವಿ. ಎಸ್. ನಟರಾಜನ್, 1978ರಲ್ಲಿ.

ಮೈ ಆಡುವ ಒಗಟು

7. ಹಣೆ ತಣ್ಣಗಿದೆ, ಆದ್ದರಿಂದ ಜ್ವರವಿಲ್ಲ ಅನ್ನುವ ಲೆಕ್ಕ ಅಜ್ಜನಿಗೆ ಸಲ್ಲದು. ವಯಸ್ಸಾದವರ ಮೈಬಿಸಿ ಮೊದಲೇ ತುಸು ಕಡಿಮೆ ಇರುತ್ತದೆ. 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಇಲ್ಲವೇ ಅವರ ದಿನದ ಮಟ್ಟಕ್ಕಿಂತ 2 ಡಿಗ್ರಿ ಏರಿದರೆ ಅದು ಜ್ವರವೇ. ಅದಕ್ಕೇ ಚೆನ್ನಾಗಿದ್ದ ದಿನವೇ ಒಮ್ಮೆ ಅಳೆದು ಬರೆದಿಡಿ.

8. ನ್ಯುಮೋನಿಯಾ ಬಂದ ಅಜ್ಜಿಗೆ ಕೆಮ್ಮೂ ಇಲ್ಲದಿರಬಹುದು, ಜ್ವರವೂ ಇಲ್ಲದಿರಬಹುದು. ಕಾಣುವುದು ಇಷ್ಟೇ: ಊಟ ಬೇಡ, ಎದ್ದು ಕೂರಲಾರೆ, ಏನೋ ಬಡಬಡಿಕೆ.

9. ಹೃದಯಾಘಾತ ಅಂದರೆ ಎದೆ ಹಿಡಿದುಕೊಂಡು ಕುಸಿಯುವುದು ಎಂದು ಸಿನಿಮಾ ನಮಗೆ ಕಲಿಸಿದೆ. ಎಂಬತ್ತು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಎದೆನೋವೇ ಇಲ್ಲದೆ ಬರೀ ಏದುಸಿರು, ಸುಸ್ತು, ಗಲಿಬಿಲಿಯಾಗಿ ಅದು ಬರಬಹುದು.

10. ನಿನ್ನೆ ಸರಿಯಾಗಿದ್ದವರು ಇಂದು ಮಗನನ್ನೇ ಗುರುತಿಸದೆ ಹೋದರೆ ಅದು ಅರಳುಮರಳು ಅಲ್ಲ, ಸನ್ನಿ. ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಏರುತ್ತದೆ. ಸನ್ನಿ ಗಂಟೆಗಳಲ್ಲಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹಿಂದೆ ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ, ಕಟ್ಟಿಕೊಂಡ ಮೂತ್ರ, ಮಲಬದ್ಧತೆ ಏನಾದರೊಂದು ಇರುತ್ತದೆ. ಕಾರಣ ಹಿಡಿದರೆ ಬಹುಪಾಲು ಇಳಿಯುತ್ತದೆ. ಅದೇ ದಿನ ವೈದ್ಯರಿಗೆ ತೋರಿಸಬೇಕು.

11. ಸನ್ನಿ ಹಿಡಿದವರಲ್ಲಿ ಎಲ್ಲರೂ ಕೂಗಾಡುವುದಿಲ್ಲ. ಮಂಕಾಗಿ, ಸುಮ್ಮನೆ ಮಲಗಿಬಿಡುವವರೂ ಇದ್ದಾರೆ. ‘ಇವತ್ತು ಅಜ್ಜಿ ತಂಟೆಯಿಲ್ಲ’ ಅಂದ ದಿನವೇ ಎಚ್ಚರವಾಗಿರಿ.

12. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಹರೆಯದವರು ಬೆವರುತ್ತಾರೆ, ನಡುಗುತ್ತಾರೆ. ಮುದುಕರು ಅಷ್ಟೆಲ್ಲ ಸುಳಿವು ಕೊಡದೆ ನೇರ ತೊದಲಬಹುದು, ಸಿಡುಕಬಹುದು. ಏಕಾದಶಿಯ ದಿನ ಉಪವಾಸ ಮಾಡಿ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿದರೆ ಅಪಾಯ ತಪ್ಪಿದ್ದಲ್ಲ. ಉಪವಾಸಕ್ಕೆ ಮೊದಲು ಪಂಚಾಂಗದ ಜೊತೆ ವೈದ್ಯರನ್ನೂ ಕೇಳಿ.

13. ಬಾಯಿ ಒಂದು ಕಡೆ ಸೊಟ್ಟಗಾಯಿತೇ? ಒಂದು ಕೈ ಎತ್ತಲು ಆಗುತ್ತಿಲ್ಲವೇ? ಮಾತು ತೊದಲಿತೇ? ಪಾರ್ಶ್ವವಾಯು ಇರಬಹುದು, ಗಡಿಯಾರ ನೋಡಿಕೊಂಡು 108ಕ್ಕೆ ಕರೆಮಾಡಿ. ಮಿದುಳಿನ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಗಡುವು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಆಂಬುಲೆನ್ಸಿಗೆ ಅದೇ ಸಂಖ್ಯೆ.

14. ಅಮೆರಿಕದ ನರ್ಸ್ ಟೆರಿ ಫುಲ್ಮರ್ ಮುಪ್ಪಿನ ಆರೈಕೆಗೆ ಆರು ಪ್ರಶ್ನೆಗಳ ಪಟ್ಟಿ ಮಾಡಿದರು. ಹೆಸರು ‘ಸ್ಪೈಸಸ್’, ಮಸಾಲೆ ಡಬ್ಬಿ ಅನ್ನಿ! ನಿದ್ದೆ ಆಯಿತೇ? ಊಟ ಸೇರಿತೇ? ಮಲಮೂತ್ರ ಹಿಡಿತದಲ್ಲಿದೆಯೇ? ಬುದ್ಧಿ ತಿಳಿಯಾಗಿದೆಯೇ? ಬಿದ್ದರೇ? ಚರ್ಮ ಒಡೆಯಿತೇ? ಪಾಳಿ ಬದಲಾಗುವ ಎಂಟು ಗಂಟೆಗೆ ಈ ಆರನ್ನೂ ಕೇಳಿ, ಹೇಳಿ.

ಹಾಸಿಗೆಯ ಮೇಲೆ

15. ಹಾಸಿಗೆ ಹುಣ್ಣು ಎದ್ದು ನಿಲ್ಲಲು ವಾರಗಳು ಬೇಕಿಲ್ಲ. ಒಂದೇ ಮಗ್ಗುಲಲ್ಲಿ ಕೆಲವೇ ಗಂಟೆ ಬಿಟ್ಟರೂ ಸಾಕು. ತಾವಾಗಿ ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸುವುದು ಹಳೆಯ, ಗಟ್ಟಿ ನಿಯಮ. ಏರ್‌ಬೆಡ್ ತಂದರೂ ಹೊರಳಿಸುವ ಕೆಲಸ ತಪ್ಪುವುದಿಲ್ಲ.

16. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಬೆಳ್ಳಗಾಗದೆ ಹಾಗೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅಲ್ಲಿ ಬಿಸಿ, ಗಡಸು, ಬಣ್ಣದ ವ್ಯತ್ಯಾಸ ನೋಡಿ.

17. ಆ ಕೆಂಪು ಜಾಗಕ್ಕೆ ಎಣ್ಣೆ ಹಾಕಿ ತಿಕ್ಕಬೇಡಿ. ಒಳಗೆ ಮೊದಲೇ ನಲುಗಿದ ಮಾಂಸ ಇನ್ನಷ್ಟು ನಲುಗುತ್ತದೆ.

18. ಕುಂಡೆಯ ಕೆಳಗೆ ಇಡುವ ಉಂಗುರದಂಥ ಗಾಳಿ ದಿಂಬು ಉಪಕಾರಕ್ಕಿಂತ ಅಪಕಾರ ಮಾಡುವುದೇ ಹೆಚ್ಚು. ಸುತ್ತಲಿನ ರಕ್ತ ಹರಿವನ್ನೇ ಅದು ತಡೆಯುತ್ತದೆ.

19. ಹಿಮ್ಮಡಿಗೆ ಬೇಕಾದ್ದು ಮೆತ್ತನೆ ಹಾಸಿಗೆಯಲ್ಲ, ಗಾಳಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ತೂಗುವಂತೆ ಬಿಡಿ.

20. ‘ವಿಶ್ರಾಂತಿ ತಗೊಳ್ಳಲಿ ಪಾಪ’ ಎಂದು ಮಲಗಿಸಿಡುವುದು ಪ್ರೀತಿಯಲ್ಲಿ ಮಾಡುವ ತಪ್ಪು. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರು ಹತ್ತು ದಿನ ಹಾಸಿಗೆಯಲ್ಲೇ ಇದ್ದಾಗ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸ ಕರಗಿತ್ತು.

21. ಮಂಚದ ಕಂಬಿ ಏರಿಸಿಟ್ಟರೆ ಬೀಳುವುದಿಲ್ಲವೇ? ದಾಟಲು ಹೋಗಿ ಇನ್ನೂ ಎತ್ತರದಿಂದ ಬಿದ್ದವರಿದ್ದಾರೆ. ಕೈ ಕಟ್ಟಿಹಾಕಿದರೆ ಗಲಿಬಿಲಿ, ಗಾಯ ಎರಡೂ ಏರುತ್ತವೆ. ಮಂಚವನ್ನೇ ತಗ್ಗಿಸುವುದು ಲೇಸು.

22. ಮಂಚ, ವೀಲ್‌ಚೇರ್, ವಾಕರ್ ಕೊಳ್ಳಲೇಬೇಕೆಂದಿಲ್ಲ. ಡಿಪಾಸಿಟ್ ಇಟ್ಟುಕೊಂಡು ಇವನ್ನು ಕೊಡುವ ಕೇಂದ್ರಗಳು ಪುಣೆಯಲ್ಲಿವೆ. ಫಲಕದಲ್ಲಿ ‘ರುಗ್ಣೋಪಯೋಗಿ ಸಾಹಿತ್ಯ’ ಎಂದು ಬರೆದಿರುತ್ತದೆ. ಗಾಬರಿಯಾಗಬೇಡಿ, ರೋಗಿಗಳಿಗೆ ಕಾದಂಬರಿ ಹಂಚುತ್ತಿಲ್ಲ. ಮರಾಠಿಯಲ್ಲಿ ಸಾಹಿತ್ಯ ಅಂದರೆ ಸಾಮಗ್ರಿ ಎಂದೂ ಅರ್ಥ.

ಬಾಯಿ, ಊಟ, ನೀರು

23. ನ್ಯುಮೋನಿಯಾಕ್ಕೂ ಹಲ್ಲುಜ್ಜುವುದಕ್ಕೂ ಏನು ಸಂಬಂಧ? ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನೋಡಿದರು. ದಿನವೂ ಬಾಯಿ ಸ್ವಚ್ಛ ಮಾಡಿಸಿಕೊಂಡವರಲ್ಲಿ ನೂರಕ್ಕೆ 11 ಮಂದಿಗೆ, ಮಾಡಿಸದವರಲ್ಲಿ 19 ಮಂದಿಗೆ ನ್ಯುಮೋನಿಯಾ ಬಂತು. ಬಾಯಿಯ ಕೊಳೆಯೇ ಎಂಜಲಿನ ಜೊತೆ ಪುಪ್ಪುಸಕ್ಕೆ ಇಳಿಯುತ್ತದೆ. ಹಲ್ಲಿಲ್ಲದ ಬಾಯಿಗೂ ಈ ಮಾತು ಸಲ್ಲುತ್ತದೆ.

24. ಕಟ್ಟಿಸಿದ ಹಲ್ಲಿನ ಸೆಟ್ಟು ರಾತ್ರಿ ಬಾಯಲ್ಲಿರಬಾರದು, ನೀರಿನ ಬಟ್ಟಲಲ್ಲಿರಬೇಕು. ಬಿಸಿನೀರು ಬೇಡ, ಸೆಟ್ಟು ಸೊಟ್ಟಗಾಗುತ್ತದೆ.

25. ನುಂಗಲು ಕಷ್ಟಪಡುವವರಿಗೆ ಅನ್ನಕ್ಕಿಂತ ನೀರೇ ಹೆಚ್ಚು ಅಪಾಯ! ತೆಳು ದ್ರವ ಸರ್ರನೆ ಶ್ವಾಸನಾಳಕ್ಕೆ ಜಾರುತ್ತದೆ. ಗಂಜಿ, ರಾಗಿ ಅಂಬಲಿ ಹದಕ್ಕೆ ಗಟ್ಟಿಯಾದದ್ದು ನಿಧಾನವಾಗಿ ಇಳಿಯುತ್ತದೆ. ಎಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸಿದ ತಜ್ಞರೇ ಹೇಳಬೇಕು.

26. ಮಲಗಿದವರ ಬಾಯಿಗೆ ಚಮಚ ಇಡಬೇಡಿ. ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ಉಣಿಸುವವರೂ ಎದುರಿಗೆ ಕೂತುಕೊಳ್ಳಿ. ನಿಂತು ಉಣಿಸಿದರೆ ಅವರು ತಲೆಯೆತ್ತಿ ನುಂಗುತ್ತಾರೆ, ಕೆಮ್ಮುತ್ತಾರೆ. ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ.

27. ವಯಸ್ಸಾದಂತೆ ಬಾಯಾರಿಕೆ ಕುಗ್ಗುತ್ತದೆ. ‘ಬೇಕಾದ್ರೆ ಕೇಳ್ತಾರೆ’ ಎಂದು ಕಾಯಬೇಡಿ. ನೀರಲ್ಲದಿದ್ದರೆ ಮಜ್ಜಿಗೆ, ತಿಳಿಸಾರು, ಎಳನೀರು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಳತೆಯನ್ನು ವೈದ್ಯರು ಹೇಳುತ್ತಾರೆ.

28. ಮುಂಗೈ ಚರ್ಮ ಎಳೆದು ಬಿಟ್ಟು ನೀರಿನ ಕೊರತೆ ಅಳೆಯುವುದು ಮುದುಕರಲ್ಲಿ ನಡೆಯುವುದಿಲ್ಲ. ಅವರ ಚರ್ಮ ಹೇಗೂ ಸಡಿಲ. ಒಣಗಿದ ನಾಲಿಗೆ, ಕಡಿಮೆಯಾದ ಮೂತ್ರ, ಮಂಕು ನೋಡಿ.

29. ಮುಪ್ಪಿನಲ್ಲಿ ಪ್ರೋಟೀನು ಕಡಿಮೆ ಸಾಕು ಎಂಬುದು ತಲೆಕೆಳಗಾದ ಲೆಕ್ಕ. ಮೂತ್ರಪಿಂಡ ಚೆನ್ನಾಗಿದ್ದರೆ ದೇಹದ ತೂಕದ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. 50 ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. ತಿಳಿಸಾರು ಅನ್ನ ಅಲ್ಲಿಗೆ ಮುಟ್ಟುವುದಿಲ್ಲ. ಬೇಳೆ, ಮೊಸರು, ಕಾಳು, ತಿನ್ನುವವರಿಗೆ ಮೊಟ್ಟೆ ಬೇಕು.

30. ‘ಉಪ್ಪೇ ಇಲ್ಲ’ ಎಂದು ಅಜ್ಜ ರೇಗುವುದು ಸೊಸೆಯ ಮೇಲಿನ ಸಿಟ್ಟಲ್ಲ. ಮೂಗು, ನಾಲಿಗೆ ಮಂದವಾಗಿವೆ. ಉಪ್ಪಿನ ಬದಲು ನಿಂಬೆ, ಜೀರಿಗೆ, ಕೊತ್ತಂಬರಿ ಏರಿಸಿ.

31. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಮೇಲೆ ಬಿಳಿ ಮೊಸರು. ಮಂದಗಣ್ಣಿಗೆ ಏನೂ ಕಾಣದು, ಅರ್ಧ ಹಾಗೇ ಉಳಿಯುತ್ತದೆ. ತಟ್ಟೆಗೂ ಊಟಕ್ಕೂ ಬಣ್ಣ ಬೇರೆಯಿರಬೇಕು ಅನ್ನುತ್ತಾರೆ ಮರೆವಿನ ಕಾಯಿಲೆಯ ತಜ್ಞರು. ನಮ್ಮ ಬಾಳೆಎಲೆಗೆ ಇದು ಯಾವಾಗಲೋ ಗೊತ್ತಿತ್ತು.

32. ಬೇಧಿ ಆಗುತ್ತಿದೆ ಎಂದು ತಡೆಯುವ ಮಾತ್ರೆ ಕೊಡುವ ಮೊದಲು ಯೋಚಿಸಿ. ಗಟ್ಟಿ ಮಲ ಒಳಗೆ ಕಟ್ಟಿಕೊಂಡು, ಅದರ ಪಕ್ಕದಿಂದ ನೀರು ಮಾತ್ರ ಸೋರುತ್ತಿರಬಹುದು. ಅದು ಬೇಧಿಯಲ್ಲ, ಮಲಬದ್ಧತೆ!

33. ಮೂತ್ರ ಸೋರುವುದು ವಯಸ್ಸಿನ ಸಹಜ ಗುಣವಲ್ಲ. ಕಾರಣ ಹುಡುಕಿದರೆ ಎಷ್ಟೋ ಸಲ ಪರಿಹಾರವಿದೆ. ಡೈಪರಿಗೆ ಮೊದಲು ಎರಡು ಗಂಟೆಗೊಮ್ಮೆ ಬಚ್ಚಲಿಗೆ ಕರೆದೊಯ್ದು ನೋಡಿ.

ಸ್ನಾನ, ಬಟ್ಟೆ, ನಡಿಗೆ

34. ಅಭ್ಯಂಜನ ಒಳ್ಳೆಯದೇ. ಆದರೆ ಎಣ್ಣೆಯ ಅಂಗಾಲು, ಒದ್ದೆ ಟೈಲ್ಸು ಸೇರಿದರೆ ಸೊಂಟ ಮುರಿಯಲು ಬೇರೇನೂ ಬೇಡ. ಕುರ್ಚಿಯಲ್ಲಿ ಕೂರಿಸಿ ಹಚ್ಚಿ, ಅಂಗಾಲು ಒರೆಸಿ, ಆಮೇಲೆ ನಡೆಸಿ. ಟವೆಲ್ ಸರಳನ್ನು ಆಸರೆ ಅಂದುಕೊಳ್ಳಬೇಡಿ, ಗೋಡೆಗೆ ಬೇರೆಯೇ ಹಿಡಿಕೆ ಹಾಕಿಸಿ.

35. ನೀರಿನ ಬಿಸಿ ನೋಡಬೇಕಾದ್ದು ನಿಮ್ಮ ಮೊಣಕೈ, ಅವರ ಪಾದವಲ್ಲ. ಸಕ್ಕರೆ ಕಾಯಿಲೆಯ ಪಾದಕ್ಕೆ ಸುಟ್ಟದ್ದೇ ತಿಳಿಯದು. ಚಳಿಗೆ ಪಾದದ ಬಳಿ ಇಡುವ ಬಿಸಿನೀರಿನ ಚೀಲವೂ ಹೀಗೆಯೇ ಮೋಸ ಮಾಡುತ್ತದೆ.

36. ಪಾರ್ಶ್ವವಾಯು ಆದವರಿಗೆ ಅಂಗಿ ತೊಡಿಸುವಾಗ ಸೋತ ಕೈ ಮೊದಲು. ಬಿಚ್ಚುವಾಗ ಗಟ್ಟಿ ಕೈ ಮೊದಲು. ನರ್ಸಿಂಗ್ ಓದುವವರ ಆರಂಭದ ಪಾಠಗಳಲ್ಲಿ ಇದೊಂದು.

37. ಊರುಗೋಲು ನೋವಿರುವ ಕಡೆ ಹಿಡಿಯಬೇಕೇ? ಅಲ್ಲ, ಅದರ ಎದುರು ಕೈಯಲ್ಲಿ. ಬಲ ಮಂಡಿ ನೋವಿಗೆ ಎಡಗೈಯಲ್ಲಿ ಕೋಲು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮವಿರಬೇಕು.

38. ಲಿಫ್ಟ್ ಇಲ್ಲದ ಹಳೆಯ ಮೂರು ಮಹಡಿಯ ಸೊಸೈಟಿಯೇ? ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

39. ನಡೆಯುತ್ತಿರುವ ಅಜ್ಜನನ್ನು ಮಾತಿಗೆಳೆಯಿರಿ. ಉತ್ತರ ಕೊಡಲು ಅವರು ನಿಂತುಬಿಟ್ಟರೆ ಬೀಳುವ ಸಂಭವ ಹೆಚ್ಚು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡುಕೊಂಡ ಅತಿ ಅಗ್ಗದ ಪರೀಕ್ಷೆ ಇದು.

40. ಮಲಗಿದವರು ತಟ್ಟನೆ ಎದ್ದರೆ ಕಣ್ಣು ಕತ್ತಲೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20, ಇಲ್ಲವೇ ಕೆಳಗಿನ ಬಿಪಿ 10 ಇಳಿದರೆ ಅದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇಳಿತ. ಮಗ್ಗುಲಾಗಿ, ಎದ್ದು ಕೂತು, ಕಾಲು ಇಳಿಬಿಟ್ಟು ಒಂದು ನಿಮಿಷ ಕಳೆದು ನಿಲ್ಲಲಿ.

41. ಜಗತ್ತಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಮಂದಿ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಹಿರಿಯರದೇ ದೊಡ್ಡ ಪಾಲು.

42. ಕೋಥರೂಡದ ವನಾಜ್‌ನಿಂದ ಗರವಾರೆ ಕಾಲೇಜಿನವರೆಗೆ ಮೆಟ್ರೊ ಓಡತೊಡಗಿದ್ದು 2022ರ ಮಾರ್ಚ್ 6ರಂದು. ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಮಂಡಿ ನೋವಿನವರು ಪೇಟೆಗೆ ಹೋಗಿ ಬರುವುದೂ ಒಂದು ಚಿಕಿತ್ಸೆ.

ಮಾತ್ರೆಯ ಡಬ್ಬಿ

43. ಹರೆಯದಲ್ಲಿ ಡಯಜೆಪಾಮ್ ನಿದ್ದೆಮಾತ್ರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 20 ಗಂಟೆ. ಎಂಬತ್ತರಲ್ಲಿ? ಸುಮಾರು 90 ಗಂಟೆ. ಸೋಮವಾರದ ಮಾತ್ರೆ ಗುರುವಾರದ ಬೀಳುವಿಕೆಗೆ ಕಾರಣವಾಗಬಹುದು.

44. ಮುದುಕರಿಗೆ ಆಗಿಬರದ ಔಷಧಗಳ ಪಟ್ಟಿಯೇ ಇದೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ತಂದದ್ದು, ಈಗಲೂ ಪರಿಷ್ಕರಣೆ ಆಗುತ್ತಿರುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಮಾತ್ರೆ ನಡೆಯುತ್ತಿದ್ದರೆ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಚೂರ್ಣ, ಕಷಾಯ, ಪಕ್ಕದ ಮನೆಯವರು ಕೊಟ್ಟ ಗುಳಿಗೆಯೂ ಅದರಲ್ಲಿರಲಿ.

45. ಎಲ್ಲ ಮಾತ್ರೆಯನ್ನೂ ಪುಡಿಮಾಡಿ ಜೇನಲ್ಲಿ ಕೊಡಲಾಗದು. ನಿಧಾನವಾಗಿ ಕರಗಲೆಂದು ಮಾಡಿದ್ದನ್ನು ಪುಡಿಮಾಡಿದರೆ ದಿನದ ಔಷಧವೆಲ್ಲ ಒಮ್ಮೆಲೇ ಮೈಗೆ ಸೇರುತ್ತದೆ.

46. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ಲೋಟ ತುಂಬ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ.

ಕಿವಿ, ಕಣ್ಣು, ನುಡಿ

47. ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿನ ಸುಮಾರು ಮೂರನೇ ಒಂದು ಭಾಗ. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಗೆ ರಾತ್ರಿ ಸಣ್ಣ ದೀಪವಿರಲಿ. ಕರೆಂಟ್ ಬಿಲ್ಲು ಮೂಳೆ ಆಪರೇಷನ್ನಿಗಿಂತ ಅಗ್ಗ.

48. ಕಿವಿಯಲ್ಲಿ ಮೊದಲು ಹೋಗುವುದು ಕೀರಲು ದನಿ. ಸ, ಶ, ಫ ಅಂಥ ಅಕ್ಷರ ತಪ್ಪುತ್ತವೆ, ಗಡಸು ದನಿ ಉಳಿಯುತ್ತದೆ. ಕಿರುಚಿದರೆ ದನಿ ಇನ್ನೂ ಕೀರಲಾಗುತ್ತದೆ. ಎದುರಿಗೆ ಬಂದು, ದನಿ ತಗ್ಗಿಸಿ, ನಿಧಾನವಾಗಿ ಹೇಳಿ. ಕಿವಿಯ ಗುಗ್ಗೆಯನ್ನೂ ಒಮ್ಮೆ ತೋರಿಸಿ. ಎಷ್ಟೋ ಕಿವುಡು ಅಲ್ಲೇ ಮುಗಿಯುತ್ತದೆ.

49. ಎರಡು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ತಡವಾಗಿ ಬರುತ್ತದೆಯೇ? ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಹೌದೆಂದರು. ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡ. ಓದುಬರಹ ಬಾರದವರಲ್ಲೂ ಈ ಅಂತರ ಕಂಡಿತು. ಕನ್ನಡ, ಮರಾಠಿ ಎರಡನ್ನೂ ಬಳಸಿಕೊಂಡು ಬಂದ ಪುಣೆಯ ಅಜ್ಜಿಯರು ಬೆನ್ನು ತಟ್ಟಿಕೊಳ್ಳಬಹುದು.

50. ಆದರೆ ಮರೆವು ಬಂದಾಗ ಎಷ್ಟೋ ಜನರಲ್ಲಿ ಮೊದಲು ಕಳಚುವುದು ಆಮೇಲೆ ಕಲಿತ ಭಾಷೆ. ನಲವತ್ತು ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡಿದ ಅಜ್ಜಿ ಕೊನೆಗೆ ಬಾಗಲಕೋಟೆಯ ಕನ್ನಡಕ್ಕೆ ಮರಳುತ್ತಾಳೆ. ಮಾವಶಿಗೆ ಬರುವುದು ಮರಾಠಿ ಮಾತ್ರ. ಅಜ್ಜಿ ‘ಹಾಲು’ ಅಂದರೆ ಆಕೆಗೆ ಕೇಳುವುದು ‘ಹಳೂ’, ಅಂದರೆ ನಿಧಾನ. ‘ಕಾಲು’ ಅಂದರೆ ‘ಕಾಲ್’, ಅಂದರೆ ನಿನ್ನೆ. ಹಾಲು ಕೇಳಿದ ಅಜ್ಜಿಗೆ ಹಾಲು ಬರುವುದಿಲ್ಲ, ಚಮಚ ಮಾತ್ರ ನಿಧಾನವಾಗುತ್ತದೆ. ‘ಕಾಲು ನೋವು’ ಅಂದದ್ದು ನಿನ್ನೆಯ ಮಾತಾಗಿಬಿಡುತ್ತದೆ. ಅಜ್ಜಿ ಹಟಮಾರಿ ಎಂದು ಡೈರಿಯಲ್ಲಿ ಬರೆದಿಡುತ್ತಾರೆ.

51. ಇಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಥಂಡಿ, ಸಂಡಾಸ, ಚಕ್ಕರ, ದವಾಖಾನಿ ಅಂದರೆ ಮಾವಶಿಗೂ ಅರ್ಥವಾಗುತ್ತದೆ. ಉಡುಪಿಯ ಅಜ್ಜಿ ‘ಚಳಿ’, ‘ತಲೆ ತಿರುಗುತ್ತೆ’ ಅಂದರೆ ಆಗುವುದಿಲ್ಲ. ಮರಾಠಿಯ ‘ತಳೆ’ ಅಂದರೆ ಕೆರೆ!

52. ನೋವು ಹೇಳಲಾರದವರ ನೋವು ಅಳೆಯಲು 2003ರಿಂದ ‘ಪೇನ್ಯಾಡ್’ ಎಂಬ ಅಳತೆಗೋಲಿದೆ. ನೋಡಬೇಕಾದ್ದು ಐದು: ಉಸಿರು, ನರಳಾಟ, ಮುಖ, ಮೈಯ ಬಿಗಿತ, ಸಮಾಧಾನಕ್ಕೆ ಒಗ್ಗುವ ಬಗೆ. ಒಂದೊಂದಕ್ಕೂ 0ರಿಂದ 2 ಅಂಕ. ಇದಕ್ಕೆ ಭಾಷೆಯ ಹಂಗಿಲ್ಲ.

53. ಆಸ್ಪತ್ರೆಗೆ ಸೇರಿದ ಕೂಡಲೇ ಅಜ್ಜನ ಕನ್ನಡಕ, ಹಿಯರಿಂಗ್ ಏಡ್, ಹಲ್ಲಿನ ಸೆಟ್ಟು ಮನೆಗೆ ಕಳಿಸಿಬಿಡುತ್ತೇವೆ. ಅವನ್ನು ಬಳಿಯಲ್ಲೇ ಇಟ್ಟು, ದಿನ ಯಾವುದೆಂದು ಹೇಳುತ್ತ, ನಡೆಸುತ್ತ, ನೀರು ಕೊಡುತ್ತ ಇದ್ದರೆ ಸನ್ನಿ ಕಡಿಮೆಯಾಗುತ್ತದೆ ಎಂದು 1999ರಲ್ಲಿ ಅಮೆರಿಕದ ಡಾ. ಶರೋನ್ ಇನೌಯೆ ತೋರಿಸಿಕೊಟ್ಟರು.

ಕಾನೂನು, ಕಾರ್ಡು, ಕೊನೆ

54. 2007ರ ಪಾಲಕರ ಪೋಷಣೆ ಕಾಯ್ದೆ ಇಡೀ ದೇಶಕ್ಕೆ ಒಂದೇ. ತಂದೆತಾಯಿ ಬಾದಾಮಿಯಲ್ಲಿ, ಮಗ ಕೋಥರೂಡದಲ್ಲಿ ಇದ್ದರೆ ಅರ್ಜಿಯನ್ನು ಎರಡರಲ್ಲಿ ಯಾವ ಜಿಲ್ಲೆಯಲ್ಲಾದರೂ ಹಾಕಬಹುದು. ‘ನೋಡಿಕೊಳ್ಳುತ್ತೇನೆ’ ಎಂಬ ಷರತ್ತಿನ ಮೇಲೆ ಮನೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಿಸಲು ಅವಕಾಶವಿದೆ.

55. 70 ತುಂಬಿದವರಿಗೆ ಆದಾಯ ಎಷ್ಟಿದ್ದರೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಆಯುಷ್ಮಾನ್ ವಯ ವಂದನಾ ಕಾರ್ಡು 2024ರ ಅಕ್ಟೋಬರ್ 29ರಂದು ಶುರುವಾಯಿತು. ಮನೆಗೆ ಬರುವ ಮಾವಶಿಯ ಸಂಬಳ ಮಾತ್ರ ಅದರಲ್ಲಿಲ್ಲ.

56. ಕೋಥರೂಡದ ಪಕ್ಕದ ವಾರಜೆಯಲ್ಲಿ ಸಿಪ್ಲಾದ ಉಪಶಾಮಕ ಆರೈಕೆ ಕೇಂದ್ರ 1997ರಿಂದ ಇದೆ. ಕ್ಯಾನ್ಸರ್ ರೋಗಿಗಳಿಗೂ ಮನೆಯವರಿಗೂ ಆರೈಕೆ ಉಚಿತ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವುದು ‘ಕರುಣಾಶ್ರಯ’.

57. ಕೊನೆಯ ದಿನಗಳಲ್ಲಿ ಯಂತ್ರ ಬೇಕೋ ಬೇಡವೋ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಒಪ್ಪಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

58. ಅರೆಎಚ್ಚರದಲ್ಲಿರುವವರ ಬಾಯಿಗೆ ತುಳಸಿ ನೀರು ಹಾಕುವ ಸಂಪ್ರದಾಯ ನಮ್ಮದು. ಲೋಟದಿಂದ ಹೊಯ್ದರೆ ಉಸಿರು ಕಟ್ಟುತ್ತದೆ. ಶುದ್ಧ ಬಟ್ಟೆ ಅದ್ದಿ ತುಟಿ, ನಾಲಿಗೆ ಒದ್ದೆ ಮಾಡಿದರೆ ಶಾಸ್ತ್ರಕ್ಕೂ ಸೈ, ಶುಶ್ರೂಷೆಗೂ ಸೈ.

59. ಆರೈಕೆ ಮಾಡುವವರ ಭಾರ ಅಳೆಯಲೂ ಪ್ರಶ್ನಾವಳಿಯಿದೆ, ಜಾರಿಟ್ ಎಂಬಾತ 1980ರಲ್ಲಿ ರೂಪಿಸಿದ್ದು. ಈಗ ಬಳಕೆಯಲ್ಲಿರುವುದರಲ್ಲಿ 22 ಪ್ರಶ್ನೆ. ರೋಗಿಯ ಬಿಪಿ ನೋಡುವ ಮನೆಯಲ್ಲಿ ಸೊಸೆಯ ನಿದ್ದೆಯನ್ನೂ ಯಾರಾದರೂ ಕೇಳಬೇಕು.

60. ಹಿರಿಯರ ಸಹಾಯವಾಣಿ 14567. ದೇಶದ ಯಾವ ಮೂಲೆಯಿಂದಲಾದರೂ ಉಚಿತ.

ಇಷ್ಟನ್ನೂ ನೆನಪಿಡುವುದು ಕಷ್ಟವಾದರೆ ಇಂದು ಒಂದೇ ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ನೀರು, ಹಾಲು, ಕಾಲು, ನೋವು, ಚಳಿ, ಉಚ್ಚೆ, ತಲೆಸುತ್ತು, ಸಾಕು, ಬೇಡ, ಹೆದರಿಕೆ. ಈ ಹತ್ತು ಕನ್ನಡದ ಪದಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿ ಅರ್ಥ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಾವಶಿಯನ್ನು ಕೂರಿಸಿಕೊಂಡು ಒಮ್ಮೆ ಓದಿಸಿ. ಐದು ನಿಮಿಷದ ಕೆಲಸ. ನಾಳೆ ಬೆಳಗ್ಗೆ ಅಜ್ಜಿ ಹಾಲು ಕೇಳಿದಾಗ ಹಾಲೇ ಬರಲಿ.